ಶಿಕ್ಷಣ ಸಾಲದ ಹೊಣೆ: ಜಾಮೀನು ನಿಲ್ಲಬೇಕಾದವರು ಪಾಲಕರು ಮಾತ್ರವೇ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ದಿನಗಳು ಹಾಗೂ ಕಾಲೇಜುಗಳಲ್ಲಿ ಪ್ರವೇಶ ಆರಂಭವಾಗುವ ದಿನಗಳು ಬಹುತೇಕ ಒಂದೇ ಆಗಿರುತ್ತವೆ. ಜುಲೈ-ಆಗಸ್ಟ್ ತಿಂಗಳಲ್ಲಿ ಸಿಂಧನೂರು ಭಾಗದ ರೈತನಿಗೆ ಭತ್ತದ ನಾಟಿ, ಗೊಬ್ಬರ, ಕೂಲಿ, ಟ್ರ್ಯಾಕ್ಟರ್ ಬಾಡಿಗೆಗಳಿಗೆ ಹಣ ಬೇಕು. ಅದೇ ವೇಳೆಗೆ ಸಿಇಟಿ ಮುಗಿಸಿದ ಮಗನಿಗೋ ಮಗಳಿಗೋ ಕಾಲೇಜಿನ ಶುಲ್ಕ ಕಟ್ಟಲು ಹಣ ಬೇಕು. ಫಸಲು ಕೈಗೆ ಬರುವುದು ನವೆಂಬರ್-ಡಿಸೆಂಬರ್‌ನಲ್ಲಿ. ನಡುವಿನ ನಾಲ್ಕೈದು ತಿಂಗಳ ಅಂತರವನ್ನು ತುಂಬುವವರು ಯಾರು? ಹಿಂದೆ ದಲಾಲಿ ಅಂಗಡಿಯ ಮುಂಗಡ ಹಾಗೂ ಬಂಧುಗಳ ಕೈಗಡ ಈ ಕೆಲಸವನ್ನು ಮಾಡುತ್ತಿದ್ದವು. ಕಳೆದ ಎರಡು ದಶಕಗಳಲ್ಲಿ ಅವುಗಳ ಜೊತೆಗೆ ಬ್ಯಾಂಕಿನ ಶಿಕ್ಷಣ ಸಾಲವೂ ಸೇರಿಕೊಂಡಿದೆ.

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಸಿಂಧನೂರು ಹಾಗೂ ಲಿಂಗಸುಗೂರುಗಳನ್ನು ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಮಸ್ಕಿ ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಸಂವಿಧಾನದ 371(ಜೆ) ವಿಧಿಯ ಮೂಲಕ ವೃತ್ತಿಶಿಕ್ಷಣದ ಸೀಟುಗಳಲ್ಲಿ ಈ ಭಾಗದ ವಿದ್ಯಾರ್ಥಿಗಳಿಗೆ ಮೀಸಲಾತಿ ದೊರೆತ ಮೇಲೆ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದ ಮಕ್ಕಳ ಸಂಖ್ಯೆ ಹೆಚ್ಚಿತು. ಸೀಟು ಸಿಕ್ಕಿತು, ಶುಲ್ಕಕ್ಕೆ ಸಾಲ ಸಿಕ್ಕಿತು. ಪದವಿ ಮುಗಿದ ಮೇಲೆ ಕಂತು ಕಟ್ಟುವಷ್ಟು ವರಮಾನದ ಉದ್ಯೋಗ ಸಿಕ್ಕಿತೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಉದ್ಯೋಗ ಸಿಗದಿದ್ದಲ್ಲಿ ಆ ಸಾಲದ ಹೊಣೆಯನ್ನು ವಿದ್ಯಾರ್ಥಿ, ಪಾಲಕರು ಹಾಗೂ ಬ್ಯಾಂಕು ಮಾತ್ರ ಹೊರಬೇಕೇ, ಶುಲ್ಕ ಪಡೆದ ಕಾಲೇಜು ಮತ್ತು ಪದವಿ ನೀಡಿದ ವಿಶ್ವವಿದ್ಯಾಲಯಗಳಿಗೂ ಅದರಲ್ಲಿ ಪಾಲು ಇರಬೇಕೇ ಎಂಬುದು ಈಗ ದೇಶ-ವಿದೇಶಗಳಲ್ಲಿ ಚರ್ಚೆಯಾಗುತ್ತಿರುವ ವಿಷಯ. ವ್ಯಾಪಾರಿ ಸಮುದಾಯಕ್ಕೆ ಇದು ದೂರದ ವಿಷಯವೇನಲ್ಲ.

ಸಾಲ ಯೋಜನೆ ಬೆಳೆದು ಬಂದ ಬಗೆ

ಇಂದು ಬ್ಯಾಂಕುಗಳು ನೀಡುತ್ತಿರುವ ಶಿಕ್ಷಣ ಸಾಲಕ್ಕೆ ತಳಹದಿಯಾದದ್ದು ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆ. ರಿಸರ್ವ್ ಬ್ಯಾಂಕು ಅದೇ ವರ್ಷ ಅದನ್ನು ಜಾರಿಗೊಳಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. 4 ಲಕ್ಷ ರೂಪಾಯಿವರೆಗೆ ಆಸ್ತಿಯ ಭದ್ರತೆ ಕೇಳತಕ್ಕದ್ದಲ್ಲ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಬೇಕು. ಅದಕ್ಕೂ ಮೇಲ್ಪಟ್ಟರೆ ಮೂರನೆಯ ವ್ಯಕ್ತಿಯ ಜಾಮೀನು, ಇನ್ನೂ ಹೆಚ್ಚಿದರೆ ಆಸ್ತಿ ಅಡಮಾನ ಎಂಬುದು ಅದರ ಸ್ಥೂಲ ಚೌಕಟ್ಟು. 2009-10ರಿಂದ ಕೇಂದ್ರ ಸರ್ಕಾರವು ವಾರ್ಷಿಕ 4.5 ಲಕ್ಷ ರೂಪಾಯಿವರೆಗಿನ ಆದಾಯವುಳ್ಳ ಕುಟುಂಬಗಳ ಮಕ್ಕಳಿಗೆ ಓದಿನ ಅವಧಿಯ ಬಡ್ಡಿಯನ್ನು ತಾನೇ ಭರಿಸುವ ಯೋಜನೆಯನ್ನು ತಂದಿತು. 2015ರಲ್ಲಿ ಮೂರು ಮುಖ್ಯ ಬದಲಾವಣೆಗಳಾದವು. ಅರ್ಜಿ ಸಲ್ಲಿಸಲು ವಿದ್ಯಾಲಕ್ಷ್ಮಿ ಪೋರ್ಟಲ್ ಬಂದಿತು, ಮರುಪಾವತಿಯ ಅವಧಿಯನ್ನು 15 ವರ್ಷಗಳವರೆಗೆ ವಿಸ್ತರಿಸಲಾಯಿತು, 7.5 ಲಕ್ಷ ರೂಪಾಯಿವರೆಗಿನ ಸಾಲ ಸುಸ್ತಿಯಾದಲ್ಲಿ ಅದರ ಶೇ. 75ರಷ್ಟನ್ನು ಬ್ಯಾಂಕಿಗೆ ತುಂಬಿಕೊಡುವ ಖಾತರಿ ನಿಧಿಯನ್ನು ಸ್ಥಾಪಿಸಲಾಯಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ನೀಡಿತು. ಅದರಡಿ ದೇಶದ ಆಯ್ದ ಸಂಸ್ಥೆಗಳಲ್ಲಿ (ಆರಂಭದಲ್ಲಿ 860) ಪ್ರವೇಶ ಪಡೆದವರಿಗೆ ಜಾಮೀನಾಗಲೀ ಅಡಮಾನವಾಗಲೀ ಇಲ್ಲದೆ ಸಾಲ ದೊರೆಯುತ್ತದೆ; 8 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲದ ಮೇಲೆ ಶೇ. 3ರಷ್ಟು ಬಡ್ಡಿ ರಿಯಾಯಿತಿ ಉಂಟು. ಇವಲ್ಲದೆ ರಾಜ್ಯ ಸರ್ಕಾರದ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಹಾಗೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ‘ಅರಿವು’ ಯೋಜನೆಯಡಿ ಅಲ್ಪ ದರದ ಸಾಲವನ್ನು ನೀಡುತ್ತಿವೆ.

ಈ ಎಲ್ಲ ಯೋಜನೆಗಳಲ್ಲಿಯೂ ಸಾಲದ ಹಣ ವಿದ್ಯಾರ್ಥಿಯ ಕೈಗೆ ಬರುವುದು ವಿರಳ. ಬ್ಯಾಂಕಿನಿಂದ ಬಹುಪಾಲು ಹಣ ನೇರವಾಗಿ ಕಾಲೇಜಿನ ಖಾತೆಗೆ ಜಮೆಯಾಗುತ್ತದೆ. ಕರಾರು ಪತ್ರಕ್ಕೆ ಸಹಿ ಮಾಡುವವರು ವಿದ್ಯಾರ್ಥಿ, ಪಾಲಕರು ಮತ್ತು ಬ್ಯಾಂಕು. ಹಣ ಪಡೆಯುವ ನಾಲ್ಕನೆಯ ಪಕ್ಷದ ಸಹಿ ಆ ಪತ್ರದ ಮೇಲೆ ಎಲ್ಲಿಯೂ ಇರುವುದಿಲ್ಲ.

ಒಂದು ಲೆಕ್ಕ

ವಿಷಯದ ಗಾಂಭೀರ್ಯ ಅಂಕಿಗಳಿಂದಲೇ ಸ್ಪಷ್ಟವಾಗುತ್ತದೆ. ಉದಾಹರಣೆಗೆ, ನಾಲ್ಕು ವರ್ಷಗಳ ಕೋರ್ಸಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ ಒಟ್ಟು 4 ಲಕ್ಷ ರೂಪಾಯಿ ಸಾಲವನ್ನು ಶೇ. 10ರ ಬಡ್ಡಿಗೆ ಪಡೆಯಲಾಗಿದೆ ಎಂದುಕೊಳ್ಳೋಣ. ಓದಿನ ನಾಲ್ಕು ವರ್ಷ ಹಾಗೂ ಆನಂತರದ ಒಂದು ವರ್ಷ ಕಂತು ಕಟ್ಟುವಂತಿಲ್ಲ. ಆದರೆ ಸರಳ ಬಡ್ಡಿ ಸೇರುತ್ತಾ ಹೋಗುತ್ತದೆ. ಮೊದಲ ಲಕ್ಷಕ್ಕೆ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20 ಸಾವಿರ, ಹೀಗೆ ಒಟ್ಟು 1.40 ಲಕ್ಷ ರೂಪಾಯಿ ಬಡ್ಡಿಯಾಗಿ, ಮರುಪಾವತಿ ಆರಂಭವಾಗುವ ದಿನ ಬಾಕಿ 5.40 ಲಕ್ಷಕ್ಕೆ ನಿಂತಿರುತ್ತದೆ. ಅದನ್ನು 10 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,136 ರೂಪಾಯಿ ಕಂತು ಬೇಕು. 15 ವರ್ಷಗಳಿಗೆ ಹಂಚಿದರೆ ಸುಮಾರು 5,803 ರೂಪಾಯಿ. ಆದರೆ 15 ವರ್ಷಗಳಲ್ಲಿ ಕಟ್ಟುವ ಒಟ್ಟು ಮೊತ್ತ 10 ಲಕ್ಷವನ್ನು ಮೀರುತ್ತದೆ. ಬಡ್ಡಿ ಸಹಾಯಧನಕ್ಕೆ ಅರ್ಹನಾದ ವಿದ್ಯಾರ್ಥಿಗೆ ಬಾಕಿ 4 ಲಕ್ಷಕ್ಕೇ ನಿಲ್ಲುವುದರಿಂದ 10 ವರ್ಷಗಳ ಕಂತು ಸುಮಾರು 5,286 ರೂಪಾಯಿಗೆ ಇಳಿಯುತ್ತದೆ.

ತಿಂಗಳಿಗೆ 15 ಸಾವಿರ ರೂಪಾಯಿ ಸಂಬಳಕ್ಕೆ ಬೆಂಗಳೂರಿನಲ್ಲಿ ಅಥವಾ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ ಯುವಕ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು 7 ಸಾವಿರದ ಕಂತನ್ನು ಕಟ್ಟಲಾರ. ಕಂತು 90 ದಿನಗಳಿಗೂ ಮೀರಿ ಬಾಕಿಯಾದರೆ ಖಾತೆ ಅನುತ್ಪಾದಕ ಆಸ್ತಿಯೆನಿಸುತ್ತದೆ. ಊರಿನಲ್ಲಿ ಫಸಲು ಚೆನ್ನಾಗಿ ಬಂದರೆ ತಂದೆ ಕಂತು ತುಂಬಿಯಾನು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಂತಹ ಸಂದರ್ಭಗಳಲ್ಲಿ, ಅಥವಾ ಎರಡನೆಯ ಬೆಳೆಗೆ ನೀರಿಲ್ಲದ ವರ್ಷಗಳಲ್ಲಿ, ಆ ದಾರಿಯೂ ಮುಚ್ಚುತ್ತದೆ. ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಒಣಬೇಸಾಯದ ಹಳ್ಳಿಗಳಲ್ಲಂತೂ ತೊಗರಿ, ಹತ್ತಿ, ಸಜ್ಜೆಗಳು ಮಳೆಯನ್ನೇ ನಂಬಿದವು.

ಜಾಮೀನು ನಿಂತ ವರ್ತಕನ ಪಾಡು

ವರ್ತಕರಿಗೆ ಈ ಪ್ರಶ್ನೆ ಎರಡು ದಾರಿಗಳಲ್ಲಿ ಎದುರಾಗುತ್ತದೆ. ಮೊದಲನೆಯದು, ತಮ್ಮ ಮಕ್ಕಳ ಸಾಲಕ್ಕೆ ಸಹ-ಸಾಲಗಾರರಾಗಿ. ಎರಡನೆಯದು, ಅಂಗಡಿಯ ಗುಮಾಸ್ತರ, ಗಿರಣಿಯ ಮೇಸ್ತ್ರಿಯ, ವರ್ಷಾನುಗಟ್ಟಲೆ ವ್ಯವಹಾರವಿಟ್ಟುಕೊಂಡ ರೈತರ ಮಕ್ಕಳ ಸಾಲಕ್ಕೆ ಜಾಮೀನುದಾರರಾಗಿ. ಊರಿನಲ್ಲಿ ಮರ್ಯಾದೆಯಿಂದ ಬಾಳುವ ವರ್ತಕ ‘ಒಂದು ಸಹಿ ತಾನೇ’ ಎಂದು ಒಪ್ಪಿಕೊಳ್ಳುವುದು ಸಹಜ. ಆದರೆ 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ಏನನ್ನೂ ಹೇಳದಿದ್ದಲ್ಲಿ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದದ್ದು. ಸಾಲಗಾರನನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಬಳಿಗೆ ಬನ್ನಿ ಎಂದು ಹೇಳುವ ಹಕ್ಕು ಸಾಮಾನ್ಯವಾಗಿ ಅವನಿಗಿಲ್ಲ.

ಇದರ ಪರಿಣಾಮ ವಸೂಲಾತಿ ನೋಟಿಸಿಗೆ ಮಾತ್ರ ಸೀಮಿತವಲ್ಲ. ಸಹ-ಸಾಲಗಾರ ಹಾಗೂ ಜಾಮೀನುದಾರರ ಹೆಸರುಗಳೂ ಸಿಬಿಲ್ ಮುಂತಾದ ಸಾಲ ಮಾಹಿತಿ ಸಂಸ್ಥೆಗಳ ದಾಖಲೆಯಲ್ಲಿ ಸೇರುತ್ತವೆ. ಮಗನ 4 ಲಕ್ಷದ ಶಿಕ್ಷಣ ಸಾಲ ಸುಸ್ತಿಯಾದ ಕಾರಣಕ್ಕೆ ತಂದೆಯ ಅಂಗಡಿಯ 20 ಲಕ್ಷದ ಕ್ಯಾಶ್ ಕ್ರೆಡಿಟ್ ಖಾತೆಯ ನವೀಕರಣ ತಡೆಹಿಡಿಯಲ್ಪಡಬಹುದು. ಭತ್ತ ಖರೀದಿಯ ಹಂಗಾಮಿನಲ್ಲಿ ಅಕ್ಕಿ ಗಿರಣಿಗೆ ಹೆಚ್ಚುವರಿ ಮಿತಿ ದೊರೆಯದೇ ಹೋಗಬಹುದು. ಹಂಗಾಮಿನಲ್ಲಿ ಕೈಯಲ್ಲಿ ಹಣವಿಲ್ಲದ ಗಿರಣಿ ವರ್ಷವಿಡೀ ಅದರ ಬೆಲೆ ತೆರುತ್ತದೆ. ಶಿಕ್ಷಣ ಸಾಲದ ಸುಸ್ತಿ ಹೀಗೆ ಊರಿನ ವ್ಯಾಪಾರದ ಬಂಡವಾಳಕ್ಕೇ ತಟ್ಟುತ್ತದೆ.

ಅಂಕಿ-ಅಂಶಗಳು ಹೇಳುವುದೇನು?

2020ರ ಡಿಸೆಂಬರ್ ಅಂತ್ಯದಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳ ಶಿಕ್ಷಣ ಸಾಲದ ಬಾಕಿಯಲ್ಲಿ ಶೇ. 9.55ರಷ್ಟು ಅನುತ್ಪಾದಕವಾಗಿತ್ತು, ಸುಮಾರು 3.66 ಲಕ್ಷ ಖಾತೆಗಳಲ್ಲಿ 8,587 ಕೋಟಿ ರೂಪಾಯಿ ಸಿಲುಕಿತ್ತು. ಅದರಲ್ಲಿ 4,041 ಕೋಟಿ, ಅಂದರೆ ಸರಿಸುಮಾರು ಅರ್ಧದಷ್ಟು, ಎಂಜಿನಿಯರಿಂಗ್ ಶಿಕ್ಷಣಕ್ಕೆ ನೀಡಿದ ಸಾಲ. 2022ರ ಜೂನ್ ಅಂತ್ಯಕ್ಕೆ ಈ ಪ್ರಮಾಣ ಶೇ. 7.82ಕ್ಕೆ ಇಳಿಯಿತು, ಆನಂತರದ ವರ್ಷಗಳಲ್ಲಿ ಇನ್ನೂ ತಗ್ಗಿದೆ. ಆದರೆ ಬ್ಯಾಂಕಿನ ಪುಸ್ತಕದಲ್ಲಿ ಅನುತ್ಪಾದಕ ಸಾಲ ಕಡಿಮೆಯಾಗಲು ಮರುಪಾವತಿ ಒಂದೇ ಕಾರಣವಾಗಬೇಕಿಲ್ಲ. ವಜಾ ಮಾಡಿದ ಸಾಲವೂ ಪುಸ್ತಕದಿಂದ ಹೊರಹೋಗುತ್ತದೆ. ಜೊತೆಗೆ ಸುಸ್ತಿಯ ಭಯದಿಂದ ಬ್ಯಾಂಕುಗಳು ಸಣ್ಣ ಊರುಗಳ ಸಣ್ಣ ಸಾಲಗಳಿಗೆ ಹಿಂಜರಿಯತೊಡಗಿದರೆ ನಷ್ಟವಾಗುವುದು ಪ್ರಾಮಾಣಿಕ ವಿದ್ಯಾರ್ಥಿಗೇ. ಪಾಲಕರ ಸಿಬಿಲ್ ಅಂಕ ಕಡಿಮೆಯಿದೆಯೆಂಬ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸುವ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿವೆ. ಕೇರಳ ಹೈಕೋರ್ಟು ಇಂತಹ ಪ್ರಕರಣಗಳಲ್ಲಿ ವಿದ್ಯಾರ್ಥಿಗಳ ಪರವಾಗಿ ನಿಂತಿದೆ.

ಇನ್ನೊಂದು ಕಡೆ ಕಾಲೇಜುಗಳ ಸಂಖ್ಯೆಯನ್ನು ಗಮನಿಸಬೇಕು. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 1,168 ವಿಶ್ವವಿದ್ಯಾಲಯಗಳು ಮತ್ತು 45,473 ಕಾಲೇಜುಗಳಿದ್ದವು. 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನರಿಗೆ 66 ಕಾಲೇಜುಗಳನ್ನು ಹೊಂದಿದ್ದ ಕರ್ನಾಟಕ ಈ ವಿಷಯದಲ್ಲಿ ಮುಂಚೂಣಿಯಲ್ಲಿತ್ತು. ಕಾಲೇಜು ಹೆಚ್ಚಿದಷ್ಟು ಕಲಿಕೆಯ ಗುಣಮಟ್ಟ ಹೆಚ್ಚಿದೆಯೆಂದು ಯಾರೂ ಹೇಳಲಾರರು.

ಮಾರಿದವನ ಹೊಣೆ

ವಾಣಿಜ್ಯದಲ್ಲಿ ಮಾರಿದವನಿಗೆ ಹೊಣೆ ತಪ್ಪಿದ್ದಲ್ಲ. ಬೀಜ ಮೊಳೆಯದಿದ್ದರೆ ಅಂಗಡಿಕಾರನನ್ನು ಗ್ರಾಹಕರ ಆಯೋಗಕ್ಕೆ ಎಳೆಯಬಹುದು. ಪಂಪ್‌ಸೆಟ್ ತಯಾರಕ ವಾರಂಟಿ ಕೊಡಬೇಕು. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರನ ಬಿಲ್ಲಿನಲ್ಲಿ ಭದ್ರತಾ ಠೇವಣಿಯನ್ನು ಹಿಡಿದಿಟ್ಟುಕೊಂಡು, ದೋಷ ಹೊಣೆ ಅವಧಿ ಮುಗಿದ ಮೇಲಷ್ಟೇ ಬಿಡುಗಡೆ ಮಾಡಲಾಗುತ್ತದೆ. ಶಿಕ್ಷಣದ ವಿಷಯದಲ್ಲಿ ಮಾತ್ರ ನಿಲುವು ಬೇರೆ. 2010ರಲ್ಲಿ ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣ ಸರಕಲ್ಲ, ಪರೀಕ್ಷಾರ್ಥಿ ಗ್ರಾಹಕನಲ್ಲ ಎಂಬ ನಿಲುವನ್ನು ತಳೆಯಿತು. ಆ ನಿಲುವಿಗೆ ಅದರದೇ ಘನತೆಯಿದೆ. ವಿದ್ಯೆಯನ್ನು ಸಂತೆಯ ಸರಕಿನಂತೆ ಅಳೆಯಲಾಗದು. ಆದರೆ ಸಾಲ ಮಾಡಿಸಿ ಶುಲ್ಕ ಪಡೆಯುವ ವ್ಯವಹಾರ ಬೆಳೆದಿರುವಾಗ, ಪಡೆದವರಿಗೆ ಯಾವ ಹೊಣೆಯೂ ಇಲ್ಲವೆನ್ನುವುದು ಸಮಂಜಸವಲ್ಲ.

ಸದ್ಯದ ನಿಯಮಗಳಲ್ಲಿ ಸಂಸ್ಥೆಯ ಗುಣಮಟ್ಟಕ್ಕೂ ಸಾಲಕ್ಕೂ ಸಂಬಂಧವೇ ಇಲ್ಲವೆಂದಲ್ಲ. 2018ರಿಂದ ಬಡ್ಡಿ ಸಹಾಯಧನವನ್ನು ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯಂತಹ ಷರತ್ತಿಗೆ ಒಳಪಡಿಸಲಾಗಿದೆ. ಪಿಎಂ ವಿದ್ಯಾಲಕ್ಷ್ಮಿಯು ರಾಷ್ಟ್ರೀಯ ಶ್ರೇಯಾಂಕದ ಪಟ್ಟಿಯನ್ನು ಆಧರಿಸಿದೆ. ಆದರೆ ಇಲ್ಲಿ ದಂಡ ಬೀಳುವುದು ಯಾರಿಗೆ ಎಂಬುದನ್ನು ನೋಡಬೇಕು. ಮಾನ್ಯತೆಯಿಲ್ಲದ ಕಾಲೇಜು ಶುಲ್ಕವನ್ನು ಪೂರ್ತಿಯಾಗಿಯೇ ಪಡೆಯುತ್ತದೆ; ಅಲ್ಲಿ ಸೇರಿದ ಬಡ ವಿದ್ಯಾರ್ಥಿ ಬಡ್ಡಿ ಸಹಾಯಧನವನ್ನು ಕಳೆದುಕೊಳ್ಳುತ್ತಾನೆ. ಮೇಲಿನ ಲೆಕ್ಕದಲ್ಲಿ ಅದರ ಬೆಲೆ 1.40 ಲಕ್ಷ ರೂಪಾಯಿ. 45 ಸಾವಿರಕ್ಕೂ ಮಿಕ್ಕ ಕಾಲೇಜುಗಳಿರುವ ದೇಶದಲ್ಲಿ ಆಯ್ದ ಸಂಸ್ಥೆಗಳ ಪಟ್ಟಿಯ ಹೊರಗೆ ಉಳಿಯುವವರೇ ಬಹುಮಂದಿ. ತಾಲ್ಲೂಕು ಕೇಂದ್ರಗಳ ಮಕ್ಕಳಂತೂ ಹೆಚ್ಚಾಗಿ ಹೊರಗಿನವರೇ. ತಪ್ಪು ಸಂಸ್ಥೆಯದು, ತೆರಿಗೆ ವಿದ್ಯಾರ್ಥಿಯದು ಎಂಬಂತಾಗಿದೆ.

ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಹೊಣೆಯನ್ನು ಬೇರ್ಪಡಿಸಿ ನೋಡುವುದೂ ಅಗತ್ಯ. ಎಂಜಿನಿಯರಿಂಗ್ ಕಾಲೇಜುಗಳ ಬಹುಪಾಲು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ, ನರ್ಸಿಂಗ್ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಸಂಯೋಜಿತವಾಗಿವೆ. ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲಿದ್ದು, ಈಚಿನ ವರ್ಷಗಳಲ್ಲಿ ರಾಯಚೂರಿನಲ್ಲಿಯೇ ಸ್ಥಾಪಿತವಾದ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದಿವೆ. ಬೋಧನಾ ಶುಲ್ಕದ ದೊಡ್ಡ ಪಾಲು ಸೇರುವುದು ಕಾಲೇಜಿಗೆ. ವಿಶ್ವವಿದ್ಯಾಲಯದ ಕೈಯಲ್ಲಿರುವುದು ಪಠ್ಯಕ್ರಮ, ಪರೀಕ್ಷೆ ಮತ್ತು ಸಂಯೋಜನೆ. ಫಲಿತಾಂಶ ಆರು ತಿಂಗಳು ತಡವಾದರೆ ಉದ್ಯೋಗವೂ ಆರು ತಿಂಗಳು ತಡ. ಬ್ಯಾಂಕಿನ ಬಡ್ಡಿ ಮಾತ್ರ ತಡವಾಗುವುದಿಲ್ಲ. ಬೋಧಕರಿಲ್ಲದ, ಪ್ರಯೋಗಾಲಯವಿಲ್ಲದ ಕಾಲೇಜಿಗೆ ವರ್ಷ ವರ್ಷವೂ ಸಂಯೋಜನೆ ನವೀಕರಿಸಿದರೆ ಅದರ ನೈತಿಕ ಹೊಣೆಯೂ ಅಲ್ಲಿಗೇ ಸಲ್ಲುತ್ತದೆ.

ಪರದೇಶಗಳ ಅನುಭವ

ಸಂಸ್ಥೆಗಳಿಗೆ ಹೊಣೆ ಹಂಚುವ ಪ್ರಯತ್ನ ಹೊಸದೇನಲ್ಲ. ಅಮೆರಿಕದಲ್ಲಿ 1958ರ ಕಾಯಿದೆಯಿಂದ ಆರಂಭವಾಗಿ ಮುಂದೆ ಪರ್ಕಿನ್ಸ್ ಸಾಲ ಎಂದು ಹೆಸರಾದ ಯೋಜನೆಯಲ್ಲಿ ಸರ್ಕಾರದ ಹಣದ ಜೊತೆಗೆ ಕಾಲೇಜೂ ತನ್ನ ಪಾಲಿನ ಬಂಡವಾಳ ಹಾಕಬೇಕಿತ್ತು. ಸಾಲ ನೀಡಿಕೆ, ವಸೂಲಾತಿ ಎರಡೂ ಕಾಲೇಜಿನದೇ ಆಗಿತ್ತು. ಆ ಯೋಜನೆ 2017ರಲ್ಲಿ ಕೊನೆಗೊಂಡಿತು. ಅಲ್ಲಿನ ಇನ್ನೊಂದು ನಿಯಮದಂತೆ, ಯಾವುದೇ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿ ಸುಸ್ತಿದಾರರ ಪ್ರಮಾಣ ಸತತ ಮೂರು ವರ್ಷ ಶೇ. 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಒಂದೇ ವರ್ಷದಲ್ಲಿ ಶೇ. 40ನ್ನು ಮೀರಿದರೆ, ಆ ಸಂಸ್ಥೆಯ ವಿದ್ಯಾರ್ಥಿಗಳಿಗೆ ಸರ್ಕಾರಿ ಸಾಲ ನಿಲ್ಲುತ್ತದೆ. ನಷ್ಟದ ಒಂದು ಪಾಲನ್ನು ಕಾಲೇಜುಗಳೇ ಕಟ್ಟಬೇಕೆಂಬ ಪ್ರಸ್ತಾವವು 2025ರಲ್ಲಿ ಅಲ್ಲಿನ ಕೆಳಮನೆಯ ಮಸೂದೆಯಲ್ಲಿತ್ತು. ಅಂತಿಮ ಕಾಯಿದೆಯಲ್ಲಿ ಅದನ್ನು ಕೈಬಿಟ್ಟು, ಪದವೀಧರರ ಗಳಿಕೆ ಪ್ರೌಢಶಿಕ್ಷಣ ಮಾತ್ರ ಪಡೆದವರ ಗಳಿಕೆಗಿಂತಲೂ ಕಡಿಮೆಯಿರುವ ಕೋರ್ಸುಗಳಿಗೆ ಸಾಲ ಸೌಲಭ್ಯ ರದ್ದಾಗುವ ಮಾನದಂಡವನ್ನು ಇರಿಸಲಾಯಿತು.

ಬ್ರೆಜಿಲ್ ದೇಶದ ಮಾರ್ಗ ಇನ್ನೂ ನೇರವಾದದ್ದು. ಅಲ್ಲಿನ ಸರ್ಕಾರಿ ಶಿಕ್ಷಣ ಸಾಲ ಯೋಜನೆಯನ್ನು 2017ರಲ್ಲಿ ಪರಿಷ್ಕರಿಸಿದಾಗ, ಸಾಲದಿಂದ ಶುಲ್ಕ ಪಡೆಯುವ ಖಾಸಗಿ ಸಂಸ್ಥೆಗಳು ಖಾತರಿ ನಿಧಿಗೆ ವಂತಿಗೆ ಕಟ್ಟಬೇಕೆಂದು ವಿಧಿಸಲಾಯಿತು. ಆರಂಭದಲ್ಲಿ ಎಲ್ಲರಿಗೂ ಒಂದೇ ದರ. ಕ್ರಮೇಣ ತಮ್ಮ ವಿದ್ಯಾರ್ಥಿಗಳ ಸುಸ್ತಿಯ ಪ್ರಮಾಣಕ್ಕೆ ತಕ್ಕಂತೆ ಹೆಚ್ಚು ಅಥವಾ ಕಡಿಮೆ. ಆಸ್ಟ್ರೇಲಿಯಾ 1989ರಲ್ಲಿಯೇ ಬೇರೊಂದು ದಾರಿ ಹಿಡಿಯಿತು: ಪದವೀಧರನ ಆದಾಯ ನಿಗದಿತ ಮಟ್ಟವನ್ನು ದಾಟಿದ ಮೇಲಷ್ಟೇ ತೆರಿಗೆಯ ಮೂಲಕ ಸಾಲ ವಸೂಲಾಗುತ್ತದೆ. ಅಲ್ಲಿ ಜಾಮೀನುದಾರನ ಪ್ರಶ್ನೆಯೇ ಇಲ್ಲ. ಗಳಿಕೆಯಿಲ್ಲದ ಕಾಲದ ಹೊರೆಯನ್ನು ಸರ್ಕಾರ ಹೊರುತ್ತದೆ.

ವಿರೋಧದ ವಾದಗಳು

ಸಂಸ್ಥೆಗಳಿಗೆ ಹೊಣೆ ಹೊರಿಸಬಾರದೆನ್ನುವವರ ವಾದವನ್ನೂ ಲಘುವಾಗಿ ತೆಗೆದುಹಾಕುವಂತಿಲ್ಲ. ಒಂದನೆಯದಾಗಿ, ಹೊಣೆಯ ವೆಚ್ಚವನ್ನು ಕಾಲೇಜು ಶುಲ್ಕದಲ್ಲಿಯೇ ಸೇರಿಸಿಬಿಟ್ಟರೆ ಹೊರೆ ಮತ್ತೆ ಪಾಲಕರ ಮೇಲೆಯೇ ಬೀಳುತ್ತದೆ. ಎರಡನೆಯದಾಗಿ, ನಷ್ಟ ತಪ್ಪಿಸಿಕೊಳ್ಳಲು ಕಾಲೇಜುಗಳು ಸುಸ್ತಿಯಾಗುವ ಸಂಭವವುಳ್ಳ ವಿದ್ಯಾರ್ಥಿಗಳನ್ನು ದೂರವಿಡಬಹುದು. ಆಗ ಹೊರಗುಳಿಯುವವರು ಕನ್ನಡ ಮಾಧ್ಯಮದಲ್ಲಿ ಓದಿದ, ಹಳ್ಳಿಯಿಂದ ಬಂದ, ಮನೆಯ ಮೊದಲ ಪದವೀಧರರಾಗಬೇಕಾದ ಮಕ್ಕಳೇ. ಮಸ್ಕಿಯಂತಹ ಹೊಸ ತಾಲ್ಲೂಕಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ. ಮೂರನೆಯದಾಗಿ, ಉದ್ಯೋಗ ದೊರೆಯುವುದು ಕಾಲೇಜಿನ ಬೋಧನೆಯೊಂದರಿಂದಲೇ ಅಲ್ಲ. ಕಾರ್ಖಾನೆಗಳಿಲ್ಲದ ಜಿಲ್ಲೆಯ ಒಳ್ಳೆಯ ಕಾಲೇಜು ಬೆಂಗಳೂರಿನ ಸಾಧಾರಣ ಕಾಲೇಜಿಗಿಂತ ಹಿಂದೆ ಬೀಳಬಹುದು. ನಾಲ್ಕನೆಯದಾಗಿ, ಕಾಲೇಜು ಕಟ್ಟುತ್ತದೆಯೆಂಬ ಭಾವನೆ ಬಂದರೆ ಕಟ್ಟಬಲ್ಲ ಸಾಲಗಾರನೂ ಕೈಚೆಲ್ಲಬಹುದು. ಕೃಷಿ ಸಾಲ ಮನ್ನಾದ ನಿರೀಕ್ಷೆಯಲ್ಲಿ ಕಂತು ನಿಲ್ಲಿಸುವುದನ್ನು ಕಂಡಿರುವ ಈ ಭಾಗದ ಸಹಕಾರ ಸಂಘಗಳಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ.

ಈ ನಾಲ್ಕೂ ಆಕ್ಷೇಪಗಳು ಹೊಣೆಯ ಪ್ರಮಾಣ ಹಾಗೂ ವಿಧಾನಕ್ಕೆ ಸಂಬಂಧಿಸಿದವು. ಹೊಣೆಯೇ ಸಲ್ಲದೆಂಬುದನ್ನು ಅವು ಸಾಧಿಸುವುದಿಲ್ಲ.

ಮಿತವಾದ ಪಾಲು

ಪಾಲು ಎಷ್ಟಿರಬಹುದೆಂಬುದನ್ನು ಮತ್ತೊಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಕಾಲೇಜಿನ 100 ವಿದ್ಯಾರ್ಥಿಗಳು ತಲಾ 4 ಲಕ್ಷದಂತೆ 4 ಕೋಟಿ ರೂಪಾಯಿ ಸಾಲ ಪಡೆದಿದ್ದಾರೆನ್ನೋಣ. ಅವರಲ್ಲಿ 10 ಮಂದಿ ಪೂರ್ತಿ ಸುಸ್ತಿಯಾದರೆ ಅಸಲಿನಲ್ಲಿ ನಷ್ಟ 40 ಲಕ್ಷ. ಖಾತರಿ ನಿಧಿ ಶೇ. 75ರಂತೆ 30 ಲಕ್ಷ ತುಂಬಿದರೆ ಬ್ಯಾಂಕಿಗೆ ಉಳಿಯುವ ನಷ್ಟ 10 ಲಕ್ಷ. ಅದರಲ್ಲಿ ಅರ್ಧವನ್ನು ಕಾಲೇಜು ಹೊತ್ತರೆ 5 ಲಕ್ಷ ರೂಪಾಯಿ. ಪಡೆದ 4 ಕೋಟಿಗೆ ಇದು ಶೇ. 1.25 ಮಾತ್ರ. ಯಾವ ಸಂಸ್ಥೆಯೂ ಇದರಿಂದ ಮುಚ್ಚಿಹೋಗದು. ಸುಸ್ತಿದಾರರು 20 ಮಂದಿಯಾದರೆ ಪಾಲು 10 ಲಕ್ಷಕ್ಕೆ ಏರುತ್ತದೆ. 5 ಮಂದಿಗೆ ಇಳಿದರೆ ಎರಡೂವರೆ ಲಕ್ಷ. ಆ ವ್ಯತ್ಯಾಸದ ಹಣದಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ಹುಡುಕಿಕೊಡುವ ಒಬ್ಬ ಪೂರ್ಣಾವಧಿ ಅಧಿಕಾರಿಯನ್ನು ನೇಮಿಸಿಕೊಳ್ಳಬಹುದೆಂಬ ಲೆಕ್ಕ ಆಡಳಿತ ಮಂಡಳಿಗೆ ತಾನಾಗಿಯೇ ಹೊಳೆಯುತ್ತದೆ. ಹೊಣೆ ಹಂಚಿಕೆಯ ಉದ್ದೇಶವೂ ಅದೇ.

ಈ ಪಾಲನ್ನು ಗುತ್ತಿಗೆದಾರರ ಭದ್ರತಾ ಠೇವಣಿಯ ಮಾದರಿಯಲ್ಲಿ, ಸಾಲದಿಂದ ಬಂದ ಶುಲ್ಕದ ಸಣ್ಣ ಭಾಗವನ್ನು ಪ್ರತ್ಯೇಕ ಖಾತೆಯಲ್ಲಿ ಹಿಡಿದಿಟ್ಟು ಸಂಗ್ರಹಿಸಬಹುದು. ಅಳತೆಗೋಲು ಎಲ್ಲೆಡೆ ಒಂದೇ ಆಗಿರದೆ, ಅದೇ ಕೋರ್ಸಿನ, ಅದೇ ಪ್ರದೇಶದ ಇತರ ಕಾಲೇಜುಗಳ ಸರಾಸರಿಗೆ ಹೋಲಿಸಿದ್ದಾಗಿರಬೇಕು. ಅಲ್ಪ ಶುಲ್ಕದ ಸರ್ಕಾರಿ ಕಾಲೇಜುಗಳನ್ನು ಹೊರಗಿಡಬೇಕು. ಶುಲ್ಕ ನಿಯಂತ್ರಣದ ವ್ಯವಸ್ಥೆಯು ಈ ವೆಚ್ಚವನ್ನು ಶುಲ್ಕದಲ್ಲಿ ಸೇರಿಸಲು ಬಿಡಬಾರದು. ಸಾಲಗಾರನ ಹೊಣೆ ಪೂರ್ತಿಯಾಗಿ ಉಳಿಯಬೇಕು. ಕಾಲೇಜು ಹಂಚಿಕೊಳ್ಳುವುದು ಬ್ಯಾಂಕಿನ ನಷ್ಟವನ್ನೇ ಹೊರತು ವಿದ್ಯಾರ್ಥಿಯ ಸಾಲವನ್ನಲ್ಲ. ವಿಶ್ವವಿದ್ಯಾಲಯಗಳ ಮಟ್ಟಿಗೆ, ಫಲಿತಾಂಶ ವಿಳಂಬವಾದಷ್ಟು ತಿಂಗಳ ಬಡ್ಡಿಯ ಹೊಣೆ ಹಾಗೂ ಕಾಲೇಜುವಾರು ಉದ್ಯೋಗ-ಗಳಿಕೆಯ ವಿವರಗಳನ್ನು ಪ್ರಕಟಿಸುವ ಕರ್ತವ್ಯ, ಇವೆರಡು ಮೊದಲ ಹೆಜ್ಜೆಗೆ ಸಾಕು. ಇವೆಲ್ಲಕ್ಕೂ ಮುನ್ನ ಆಗಬೇಕಾದದ್ದು, ಯಾವ ಕಾಲೇಜಿನ ಎಷ್ಟು ಸಾಲ ಖಾತೆಗಳು ಸುಸ್ತಿಯಾಗಿವೆ ಎಂಬುದು ಸಾರ್ವಜನಿಕರಿಗೆ ತಿಳಿಯುವಂತಾಗುವುದು. ಬ್ಯಾಂಕುಗಳ ಬಳಿ ಈ ಮಾಹಿತಿ ಇರುತ್ತದೆ; ವಿದ್ಯಾರ್ಥಿಗಳ ಹೆಸರು ಬಹಿರಂಗಪಡಿಸದೆ ಕಾಲೇಜುವಾರು ಮೊತ್ತವನ್ನು ಪ್ರಕಟಿಸಲು ಅಡ್ಡಿಯಿರಬಾರದು.

ವರ್ತಕರು, ಉದ್ದಿಮೆದಾರರು ಮಾಡಬಹುದಾದದ್ದು

ಕಾಯಿದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಜಾಮೀನು ಸಹಿ ಮಾಡುವ ಮುನ್ನ ಸರಕು ಖರೀದಿಯಲ್ಲಿ ವಹಿಸುವಷ್ಟೇ ಎಚ್ಚರ ವಹಿಸುವುದು ಒಳಿತು: ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇದೆಯೇ, ಬಡ್ಡಿ ಸಹಾಯಧನ ದೊರೆಯುವುದೇ, ಸಾಲವು ಖಾತರಿ ನಿಧಿಯ ವ್ಯಾಪ್ತಿಗೆ ಬರುವುದೇ, ಹಿಂದಿನ ಮೂರು ವರ್ಷಗಳ ವಿದ್ಯಾರ್ಥಿಗಳು ಎಲ್ಲಿ, ಎಷ್ಟು ಸಂಬಳಕ್ಕೆ ಕೆಲಸದಲ್ಲಿದ್ದಾರೆ ಎಂದು ಲಿಖಿತವಾಗಿ ಕೇಳಬೇಕು. ಖಾತರಿ ನಿಧಿಯ ಯೋಜನೆಯಡಿ 7.5 ಲಕ್ಷದವರೆಗಿನ ಸಾಲಕ್ಕೆ ಮೂರನೆಯ ವ್ಯಕ್ತಿಯ ಜಾಮೀನು ಅಗತ್ಯವಿಲ್ಲದಿರುವುದರಿಂದ, ಬ್ಯಾಂಕು ಅದನ್ನು ಕೇಳಿದಾಗ ಕಾರಣವನ್ನು ವಿಚಾರಿಸುವ ಹಕ್ಕು ಸಹಿ ಮಾಡುವವನಿಗಿದೆ. ಕಂತು ತಪ್ಪುವ ಸೂಚನೆ ಕಂಡಾಗ 90 ದಿನ ದಾಟುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಣೆ ಕೋರುವುದು ಲೇಸು. ಪ್ರವೇಶ ರದ್ದಾದಾಗ ಶುಲ್ಕ ವಾಪಸಾತಿ ಹಾಗೂ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದೆಂಬ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಸೂಚನೆಯನ್ನೂ ಪಾಲಕರು ಅರಿತಿರಬೇಕು.

ಎರಡನೆಯ ಕೆಲಸ ಉದ್ದಿಮೆದಾರರದು. ಅಕ್ಕಿ ಗಿರಣಿಗಳು, ಹತ್ತಿ ಜಿನ್ನಿಂಗ್ ಕಾರ್ಖಾನೆಗಳು, ಟ್ರ್ಯಾಕ್ಟರ್ ವರ್ಕ್‌ಶಾಪುಗಳಿಗೆ ನುರಿತ ಎಲೆಕ್ಟ್ರಿಷಿಯನ್, ಫಿಟ್ಟರ್, ಬಾಯ್ಲರ್ ನಿರ್ವಾಹಕರು ಬೇಕು. ಅಂಗಡಿಗಳಿಗೆ ಜಿಎಸ್‌ಟಿ ಲೆಕ್ಕ ಬಲ್ಲವರು ಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂತಹ ದೊಡ್ಡ ಸಂಸ್ಥೆಯೂ ಇದೇ ಪ್ರದೇಶದಲ್ಲಿದೆ. ಒಂದೆಡೆ ಕೆಲಸಗಾರರಿಲ್ಲವೆಂಬ ಕೊರಗು, ಇನ್ನೊಂದೆಡೆ ಸಾಲ ಮಾಡಿ ಓದಿ ಮನೆಯಲ್ಲಿ ಕುಳಿತ ಪದವೀಧರರು. 1961ರ ಅಪ್ರೆಂಟಿಸ್ ಕಾಯಿದೆಯಡಿ ಶಿಷ್ಯವೃತ್ತಿಯೊಂದಿಗೆ ತರಬೇತಿ ನೀಡಲು ಅವಕಾಶವಿದ್ದು, ಸಣ್ಣ ಘಟಕಗಳೂ ಅದನ್ನು ಬಳಸಿಕೊಳ್ಳಬಹುದು. ಕಾಲೇಜುಗಳ ಮೇಲೆ ಹೊಣೆ ಹೊರಿಸಬೇಕೆನ್ನುವ ಉದ್ಯಮ ಸಮುದಾಯವು, ಆ ಕಾಲೇಜಿನಿಂದ ಹೊರಬಂದವರಿಗೆ ಬಾಗಿಲು ತೆರೆಯುವ ತನ್ನ ಪಾಲಿನ ಹೊಣೆಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಉದ್ರಿ ವ್ಯಾಪಾರದಲ್ಲಿ ಒಂದು ಹಳೆಯ ನೀತಿಯಿದೆ: ಲಾಭದಲ್ಲಿ ಪಾಲುದಾರನಾದವನು ನಷ್ಟದಲ್ಲಿಯೂ ಪಾಲುದಾರ. ಮೂರು ತಾಲ್ಲೂಕುಗಳ ವಾಣಿಜ್ಯ ಸಂಸ್ಥೆಗಳು ಕೂಡಿ ಈ ನೀತಿಯನ್ನು ಬ್ಯಾಂಕುಗಳ ಜಿಲ್ಲಾ ಮಟ್ಟದ ಸಲಹಾ ಸಭೆಗಳಲ್ಲಿ, ವಿಶ್ವವಿದ್ಯಾಲಯಗಳ ಮುಂದೆ ಹಾಗೂ ಜನಪ್ರತಿನಿಧಿಗಳ ಬಳಿ ಮಂಡಿಸಬೇಕು. ಕಾಲೇಜುವಾರು ಸುಸ್ತಿಯ ವಿವರ ಪ್ರಕಟವಾಗಲಿ ಎಂಬ ಒಂದೇ ಬೇಡಿಕೆಯಿಂದ ಇದನ್ನು ಆರಂಭಿಸಬಹುದು. ಮುಂದಿನ ಪ್ರವೇಶದ ಹಂಗಾಮಿಗೆ ಮುನ್ನ ಅಷ್ಟಾದರೂ ಆದಲ್ಲಿ, ಜಾಮೀನು ಪತ್ರಕ್ಕೆ ಸಹಿ ಮಾಡುವ ಕೈಗೆ ತಾನು ಯಾವುದಕ್ಕೆ ಸಹಿ ಮಾಡುತ್ತಿದ್ದೇನೆಂಬ ಅರಿವು ಇರುತ್ತದೆ.